ಬೈಸಿಕಲ್ ಯಾತ್ರೆಯೂ ಕಲ್ಯಾಣನಾಡಿನ ಮಳೆಯೂ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಮಹಾರಾಷ್ಟ್ರದ ಗಡಿಯನ್ನು ದಾಟಿ, ಸಸ್ತಾಪುರ ಬಂಗ್ಲೆಯ ಬಳಿ ಬಸವಕಲ್ಯಾಣದ ದಾರಿಯನ್ನು ಎಡಗಡೆಗೆ ಬಿಟ್ಟು, ಹುಮನಾಬಾದಿಗೆ ಬಂದು ಸೇರುತ್ತದೆ. ಬೀದರದಿಂದ ಕಲಬುರ್ಗಿಗೆ ಹೋಗುವ ದಾರಿಯು ಇಲ್ಲಿಯೇ ಇದನ್ನು ಅಡ್ಡಹಾಯುತ್ತದೆ. ಭೂಗೋಳದ ದೃಷ್ಟಿಯಿಂದ ಈ ಸೀಮೆಗೆ ಒಂದು ವಿಶೇಷವುಂಟು. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಮಾಂಜ್ರಾ ನದಿಯನ್ನು ಕೂಡಿಕೊಂಡು ಗೋದಾವರಿಗೆ ಹೋಗುತ್ತದೆ. ಮತ್ತೊಂದು ಪಾಲು ಮುಲ್ಲಾಮಾರಿಯ ಹಳ್ಳವಾಗಿ ಇಳಿದು, ಕಾಗಿಣೆ ಭೀಮೆಗಳ ದಾರಿಯಿಂದ ಕೃಷ್ಣೆಯನ್ನು ಮುಟ್ಟುತ್ತದೆ. ಎರಡು ಮಹಾನದಿಗಳಿಗೆ ನೀರನ್ನು ಹಂಚಿಕೊಡುವ ಈ ನೆಲವು ತನಗೆ ಮಾತ್ರ ನೀರನ್ನು ಉಳಿಸಿಕೊಳ್ಳಲಾರದೆ ಶತಮಾನಗಳಿಂದ ಮುಗಿಲನ್ನು ನೋಡುತ್ತ ಬಂದಿದೆ.

ಹಗಲಿರುಳೂ ಲಾರಿಗಳು ಓಡುವ ಇಂಥ ಹೆದ್ದಾರಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಯಾತ್ರಿಕರು ಕಾಣಿಸಿಕೊಂಡಿದ್ದಾರೆ. ಬೈಸಿಕಲ್ಲಿನ ಹಿಂದೆ ಗಂಟುಮೂಟೆಯನ್ನು ಬಿಗಿದು, ಊರಿಂದೂರಿಗೆ ಹೋಗಿ, ಶಾಲೆಯ ಅಂಗಳದಲ್ಲಿಯೋ ಸಂತೆಯ ಬಯಲಿನಲ್ಲಿಯೋ ನಾಲ್ಕು ಜನರನ್ನು ಕೂಡಿಸಿಕೊಂಡು, ಭೂಮಿಯ ಹವಾಗುಣವು ಮಾರ್ಪಡುತ್ತಿದೆ ಎಂಬ ವಾರ್ತೆಯನ್ನು ಹೇಳಿ ಮುಂದೆ ಸಾಗುವವರು ಇವರು. ರಾಜಸ್ಥಾನದ ಬಾಡಮೇರ ಸೀಮೆಯ ನರಪತಸಿಂಹ ರಾಜಪುರೋಹಿತರು 2019ರ ಜನವರಿಯಲ್ಲಿ ಜಮ್ಮುವಿನಿಂದ ಹೊರಟು, ಹೋದಲ್ಲೆಲ್ಲ ಸಸಿಗಳನ್ನು ನೆಡುತ್ತ, ಮೂವತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ತುಳಿದು 2022ರ ಏಪ್ರಿಲಿನಲ್ಲಿ ಜಯಪುರದಲ್ಲಿ ಯಾತ್ರೆಯನ್ನು ಮುಗಿಸಿದರು. ಅಮೆರಿಕದ ಡೇವಿಡ್ ಕ್ರೂಡ್ಸ್ಮಾ ಎಂಬಾತನು 2005ರಲ್ಲಿಯೇ ಕ್ಯಾಲಿಫೋರ್ನಿಯಾದಿಂದ ಹೊರಟು ದಕ್ಷಿಣ ಅಮೆರಿಕದ ತುದಿಯವರೆಗೂ ಇದೇ ವಾರ್ತೆಯನ್ನು ಹೊತ್ತು ಹೋಗಿದ್ದನು. ಇದು ಹೊಸಗಾಲದ ಹುಚ್ಚೆಂದು ನಗುವವರುಂಟು. ಆದರೆ ಇದರ ಹಿಂದಿರುವ ಇತಿಹಾಸವನ್ನು ನೋಡಿದರೆ ಹಾಗೆ ನಗುವುದಕ್ಕೆ ಎಡೆಯಿಲ್ಲ.

ಬೈಸಿಕಲ್ಲಿನ ಹುಟ್ಟೇ ಒಂದು ಹವಾಗುಣದ ವಿಪ್ಲವದೊಡನೆ ಹೆಣೆದುಕೊಂಡಿರುವಂತೆ ತೋರುತ್ತದೆ. 1815ನೆಯ ಇಸವಿಯ ಏಪ್ರಿಲಿನಲ್ಲಿ ಪೂರ್ವದ್ವೀಪಗಳಲ್ಲೊಂದಾದ ಸುಂಬಾವದಲ್ಲಿ ತಂಬೋರಾ ಎಂಬ ಅಗ್ನಿಪರ್ವತವು ಸಿಡಿಯಿತು. ಅದರ ಗಂಧಕದ ಆವಿಯು ಬಹು ಮೇಲಕ್ಕೇರಿ, ಭೂಮಂಡಲವನ್ನೆಲ್ಲ ತೆಳುವಾಗಿ ಸುತ್ತಿಕೊಂಡು, ಬಿಸಿಲಿನ ಕಾವನ್ನು ತಗ್ಗಿಸಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಅಮೆರಿಕದ ಈಶಾನ್ಯಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿದ್ದಿತು. ಬೆಳೆ ಕೆಟ್ಟು ಧಾನ್ಯದ ಬೆಲೆ ಮುಗಿಲಿಗೇರಿತು. ಕುದುರೆಗಳಿಗೆ ಹಾಕುವ ಓಟ್ಸ್ ಧಾನ್ಯವೂ ದುರ್ಲಭವಾಯಿತು. ಜರ್ಮನಿಯ ಮಾನ್‌ಹೈಮ್ ಪಟ್ಟಣದ ಕಾರ್ಲ್ ಡ್ರೈಸ್ ಎಂಬಾತನು, ಮೇವು ಬೇಡದ ವಾಹನವೊಂದನ್ನು ಕಟ್ಟಬೇಕೆಂದು ಯೋಚಿಸಿ, ಎರಡು ಗಾಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ಕಾಲಿನಿಂದ ನೆಲವನ್ನೊದೆಯುತ್ತ ಓಡಿಸುವ ಯಂತ್ರವನ್ನು 1817ರ ಜೂನ್ 12ರಂದು ದಾರಿಗಿಳಿಸಿದನು. ಅಂದು ಅವನು ಹೋಗಿ ಬಂದ ದೂರ ಸುಮಾರು ಹದಿನಾಲ್ಕು ಕಿಲೋಮೀಟರು. ಹಿಡಿದ ಕಾಲ ಒಂದು ತಾಸಿಗೂ ಕಡಮೆ. ಕುದುರೆಗಳ ಅಭಾವವೇ ಈ ಶೋಧಕ್ಕೆ ಕಾರಣವೆಂಬುದು ಇತಿಹಾಸಕಾರರಲ್ಲಿ ಕೆಲವರ ಊಹೆ. ಎಲ್ಲರೂ ಒಪ್ಪಿದ್ದಾರೆಂದು ಹೇಳಲಾಗದು. ತಂಬೋರೆಯ ಪರಿಣಾಮ ನಮ್ಮ ದೇಶವನ್ನೂ ಬಿಡಲಿಲ್ಲ. 1816ರ ಮಳೆಗಾಲವು ಕ್ರಮತಪ್ಪಿತೆಂದೂ, 1817ರಲ್ಲಿ ವಂಗದೇಶದಲ್ಲಿ ಎದ್ದ ವಾಂತಿಭೇದಿಯ ಮಹಾಮಾರಿಗೆ ಅದೂ ಒಂದು ಕಾರಣವಾಗಿರಬಹುದೆಂದೂ ವಿದ್ವಾಂಸರು ಬರೆದಿದ್ದಾರೆ. ಅದೇ 1817ರ ಕೊನೆಯಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ, ಮುಂದೆ ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕನಗರವನ್ನು ನೆಲೆಮಾಡಿದ ಮಾಣಿಕಪ್ರಭುಗಳು ಜನಿಸಿದರು. ಇದು ಕೇವಲ ಕಾಲದ ಕಾಕತಾಳೀಯವೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ಯಂತ್ರವು ಸುಧಾರಿಸುತ್ತ ಹೋಯಿತು. 1884ರಿಂದ 1886ರೊಳಗೆ ಥಾಮಸ್ ಸ್ಟೀವನ್ಸನು ದೊಡ್ಡ ಗಾಲಿಯ ಬೈಸಿಕಲ್ಲಿನ ಮೇಲೆ ಲೋಕವನ್ನು ಸುತ್ತಿದನು. ಭಾರತೀಯರಲ್ಲಿ ಮುಂಬಯಿಯ ಆರು ಮಂದಿ ಪಾರಸೀ ತರುಣರು 1923ರ ಅಕ್ಟೋಬರ್ 15ರಂದು ಹೊರಟರು. ಅವರಲ್ಲಿ ಹಕೀಮ, ಬಾಪಾಸೋಲಾ, ಭೂಮಗಾರಾ ಎಂಬ ಮೂವರು ಲೋಕಸಂಚಾರವನ್ನು ಪೂರೈಸಿ 1928ರ ಮಾರ್ಚಿನಲ್ಲಿ ಹಿಂದಿರುಗಿದರು. ಇವೆಲ್ಲ ಸಾಹಸಯಾತ್ರೆಗಳು. ಒಂದು ಮಾತನ್ನು ಜನಕ್ಕೆ ಮುಟ್ಟಿಸುವುದಕ್ಕೋಸ್ಕರವೇ ದೇಶವನ್ನು ದಾಟಿಹೋಗುವ ಪದ್ಧತಿಯು ನಮ್ಮಲ್ಲಿ ಮೊದಲು ಕಾಲ್ನಡಿಗೆಯಲ್ಲಿಯೇ ಬೆಳೆಯಿತು. ಅಣ್ವಸ್ತ್ರವಿರೋಧಕ್ಕಾಗಿ ಬರ್ಟ್ರಂಡ್ ರಸೆಲ್ಲರು ಮುಪ್ಪಿನಲ್ಲಿ ಸೆರೆಗೆ ಹೋದ ವಾರ್ತೆಯನ್ನು ಬೆಂಗಳೂರಿನಲ್ಲಿ ಕೇಳಿದ ಸತೀಶಕುಮಾರ ಮತ್ತು ಇ. ಪಿ. ಮೆನನ್ ಎಂಬಿಬ್ಬರು ತರುಣರು ಅಲ್ಲಿಯೇ ಸಂಕಲ್ಪಮಾಡಿಕೊಂಡು, 1962ರ ಜೂನ್ 1ರಂದು ದಿಲ್ಲಿಯ ರಾಜಘಾಟದಿಂದ ಹೊರಟು, ಕೈಯಲ್ಲಿ ಒಂದು ಕಾಸಿಲ್ಲದೆ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ನಗರಗಳನ್ನು ಮುಟ್ಟಿದರು. 1987-88ರಲ್ಲಿ ಸಹ್ಯಾದ್ರಿಯ ಕಾಡುಗಳನ್ನು ಉಳಿಸಿರೆಂದು ಹೊರಟ ಪಾದಯಾತ್ರೆಯು ಕರ್ಣಾಟಕದ ಮಲೆನಾಡನ್ನು ಹಾದು ಗೋವೆಯಲ್ಲಿ ಮುಗಿಯಿತು. ಈ ಎರಡು ಸಂಪ್ರದಾಯಗಳನ್ನು, ಎಂದರೆ ಸಾಹಸದ ಬೈಸಿಕಲ್ಲನ್ನೂ ಸಂದೇಶದ ಪಾದಯಾತ್ರೆಯನ್ನೂ, ಬೆಸೆದವರು ಕುಷ್ಠರೋಗಿಗಳ ಸೇವೆಯಿಂದ ಲೋಕವಿಖ್ಯಾತರಾದ ಬಾಬಾ ಆಮ್ಟೆಯವರು. 1985ರ ಡಿಸೆಂಬರಿನಲ್ಲಿ ನೂರಕ್ಕೆ ಮೇಲ್ಪಟ್ಟ ತರುಣ ತರುಣಿಯರು ಅವರ ಮುಂದಾಳುತನದಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಬೈಸಿಕಲ್ಲುಗಳನ್ನು ತುಳಿದರು. ಎಪ್ಪತ್ತನ್ನು ದಾಟಿದ್ದ ಆಮ್ಟೆಯವರಿಗೆ ಬೆನ್ನುಮೂಳೆಯ ವ್ಯಾಧಿಯಿದ್ದುದರಿಂದ ಅವರು ಮೋಟಾರಿನಲ್ಲಿ ಮಲಗಿಕೊಂಡೇ ಜೊತೆಗೆ ಹೋದರು. 1988ರಲ್ಲಿ ಇಟಾನಗರದಿಂದ ಓಖಾದವರೆಗೆ ಎರಡನೆಯ ಯಾತ್ರೆ ನಡೆಯಿತು. ದೇಶದ ಐಕ್ಯವೇ ಅವುಗಳ ಉದ್ದೇಶವಾಗಿದ್ದರೂ, ಅದೇ ಆಮ್ಟೆಯವರು ಆ ಕಾಲದಲ್ಲಿ ದೊಡ್ಡ ಅಣೆಕಟ್ಟುಗಳಿಂದ ಕಾಡುಗಳೂ ಕಾಡಿನ ಜನರೂ ಮುಳುಗುವುದನ್ನು ಪ್ರತಿಭಟಿಸುತ್ತಿದ್ದರೆಂಬುದನ್ನು ಮರೆಯಲಾಗದು. ಇಂದಿನ ಹವಾಗುಣಯಾತ್ರಿಕರು ಈ ವಂಶದವರು.

ಇನ್ನು ಕಲ್ಯಾಣಕ್ಕೆ ದೂರದಿಂದ ವಾರ್ತೆಯನ್ನು ತರುವ ಯಾತ್ರಿಕನು ಹೊಸಬನಲ್ಲ. ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕವಿ ಬಿಲ್ಹಣನು ಕಾಶ್ಮೀರವನ್ನು ಬಿಟ್ಟು ಮಥುರೆ, ಕನ್ನೋಜ, ಕಾಶಿ, ಗುರ್ಜರದೇಶಗಳನ್ನೆಲ್ಲ ಅಲೆದು ಕೊನೆಗೆ ಈ ಪಟ್ಟಣಕ್ಕೆ ಬಂದು ನಿಂತನು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ನಾನಾ ದೇಶದವರಿದ್ದರು. ಕಟ್ಟಿಗೆ ಹೊತ್ತು ಬಾಳಿದ ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವನೆಂದೇ ಐತಿಹ್ಯ. ಚಲಿಸುವವನಿಗೆ ಜಂಗಮನೆಂಬ ಪೂಜ್ಯವಾದ ಹೆಸರನ್ನು ಕೊಟ್ಟ ನಾಡಿದು. ಬಿಜ್ಜಳನ ಅವಸಾನದ ಗಲಭೆಯಲ್ಲಿ ಶರಣರು ಚದರಿಹೋದಾಗ ಅವರ ಮಾತು ಕನ್ನಡನಾಡಿನ ಮೂಲೆಮೂಲೆಗೂ ಹೋದುದು ಕಾಲ್ನಡಿಗೆಯಿಂದಲೇ. ಆದರೆ ಜಂಗಮನು ಹೇಳುವುದಕ್ಕೆ ಮಾತ್ರ ಬರುವವನಲ್ಲ, ಕೇಳಿಕೊಂಡು ಹೋಗುವುದಕ್ಕೂ ಬರುವವನು. ಬೈಸಿಕಲ್ ಯಾತ್ರಿಕನು ಈ ಸೀಮೆಯಲ್ಲಿ ಕೇಳಿಕೊಳ್ಳಬೇಕಾದುದು ಬಹಳವಿದೆ.

ಮೊದಲನೆಯದು ಮಳೆಯ ಪಂಚಾಂಗ. ಹವಾಗುಣವೆಂಬ ಪುಸ್ತಕದ ಮಾತು ಇಲ್ಲಿನ ಒಕ್ಕಲಿಗನ ಬಾಯಲ್ಲಿಲ್ಲ. ಅವನಿಗಿರುವುದು ನಕ್ಷತ್ರಗಳ ಹೆಸರು. ರೋಹಿಣಿಯ ಮಳೆ ನೆಲವನ್ನು ಹದಮಾಡಬೇಕು. ಜೂನ್ ಏಳು ಎಂಟರ ಸುಮಾರಿಗೆ ಮಿರಗ ಕೂಡಿ, ಮಳೆ ಬಿದ್ದು, ಹೆಸರು ಉದ್ದು ತೊಗರಿಗಳ ಬಿತ್ತನೆ ಆಗಬೇಕು. ಆರಿದ್ರೆ ಪುಷ್ಯಗಳು ಪೈರನ್ನು ಸಾಕಬೇಕು. ಉತ್ತರೆ ಹಸ್ತೆಗಳು ಹಿಂಗಾರಿ ಜೋಳಕ್ಕೆ ತೇವವನ್ನು ಕೂಡಿಡಬೇಕು. ತಲೆಮಾರುಗಳ ಅನುಭವವನ್ನು ಹೀಗೆ ಇಪ್ಪತ್ತೇಳು ಹೆಸರುಗಳಲ್ಲಿ ಅಡಕಮಾಡಿಟ್ಟ ಈ ಲೆಕ್ಕವು ಹವಾಗುಣಶಾಸ್ತ್ರವೇ ಸರಿ. ವರ್ಷಕ್ಕೆ ಎಂಟುನೂರು ಮಿಲಿಮೀಟರಿಗೆ ಮೇಲ್ಪಟ್ಟು ಮಳೆಯಾಗುವ ಸೀಮೆಯಲ್ಲಿ ಕೊರತೆಯಿರುವುದು ಮೊತ್ತದಲ್ಲಿ ಅಷ್ಟಾಗಿ ಅಲ್ಲ, ಹೊತ್ತಿನಲ್ಲಿ. ಮಿರಗ ತಪ್ಪಿದರೆ ಮಘೆಯಲ್ಲಿ ಸುರಿದ ನೀರು ಬಿತ್ತನೆಗೆ ಬಾರದು. ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ನಕ್ಷತ್ರದ ದಿನವೂ ಋತುವಿನೊಡನೆ ಸ್ಥಿರವಾಗಿ ನಿಲ್ಲುವುದಿಲ್ಲ. ಅಯನಚಲನದಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅದು ಸರಿಯುತ್ತದೆ. 1076ರಲ್ಲಿ ವಿಕ್ರಮಾದಿತ್ಯನು ತನ್ನ ಹೆಸರಿನ ಶಕವನ್ನು ನಡೆಸಿದ ಕಾಲಕ್ಕೂ ಈಗಿನ ಕಾಲಕ್ಕೂ ಇದರಿಂದ ಹದಿಮೂರು ದಿನಗಳ ಅಂತರವಾಗಿದೆ. ಆದರೆ ಅದು ಆಕಾಶದ ಗಣಿತ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಒಂದು ದಿನದಷ್ಟೇ ಸರಿಯುವಂಥದು. ಮಿರಗದ ಮಳೆಯನ್ನೇ ನಂಬಿ ಬಿತ್ತಿದವನು ತನ್ನ ಮುಪ್ಪಿನಲ್ಲಿ ಅದನ್ನು ನಂಬಲಾರದೆ ಹೋದರೆ, ಅದಕ್ಕೆ ಅಯನಚಲನವನ್ನು ಕಾರಣವಾಗಿ ಹೇಳುವಂತಿಲ್ಲ.

ಯಾತ್ರಿಕನ ಮಾತನ್ನು ಕೇಳಿ, ಹುಮನಾಬಾದಿನ ಸಂತೆಯ ಹಿರಿಯನೊಬ್ಬನು “ಬರ ಹೊಸದೇನಪ್ಪಾ?” ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಏಕೆಂದರೆ ಈ ನೆಲದ ಇತಿಹಾಸದಲ್ಲಿ ಬರಗಾಲಕ್ಕೆ ರಾಜವಂಶಗಳಿಗಿಂತ ದೀರ್ಘವಾದ ಪರಂಪರೆಯಿದೆ. ಬಹಮನಿಯರ ಎರಡನೆಯ ಮುಹಮ್ಮದಷಹನ ಕಾಲದಲ್ಲಿ ಕ್ಷಾಮ ಬಂದಾಗ, ದೊರೆಯು ಎತ್ತುಗಳ ಸಾಲುಗಳನ್ನು ಕಳುಹಿಸಿ ಮಾಳವ ಗುಜರಾತುಗಳಿಂದ ದವಸವನ್ನು ತರಿಸಿ ಅಗ್ಗದ ಬೆಲೆಗೆ ಮಾರಿಸಿದನೆಂದು ಫಿರಿಷ್ತಾ ಬರೆದಿದ್ದಾನೆ. ಅದರ ಬೆನ್ನಿಗೇ 1396ರಿಂದ ಆರಂಭವಾದ ದುರ್ಗಾದೇವಿಯ ಬರವು ಹನ್ನೆರಡು ವರ್ಷ ದಖ್ಖನನ್ನು ಬರಿದುಮಾಡಿತೆಂದು ಪರಂಪರೆ ಹೇಳುತ್ತದೆ. 1630ರ ಕ್ಷಾಮ, ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುವೆಂದು ಜನ ಹೆಸರಿಟ್ಟ 1791ರ ಡೋಗಿ ಬರ, 1876ರಿಂದ 78ರವರೆಗಿನ ಧಾತು ಈಶ್ವರದ ಬರ, 1972ರ ಬರ: ಇವುಗಳಲ್ಲಿ ಯಾವುದಕ್ಕೂ ಇಂದಿನ ಹೊಗೆಕೊಳವೆಗಳನ್ನು ದೂರಲಾಗದು. ಶಾಂತಸಾಗರದ ನೀರು ಕೆಲವು ವರ್ಷಗಳಲ್ಲಿ ಅಸಹಜವಾಗಿ ಕಾಯುವುದರಿಂದ, ಎಂದರೆ ಎಲ್ ನಿನೋ ಎಂಬ ಸ್ಥಿತಿಯಿಂದ, ನಮ್ಮ ಮುಂಗಾರು ಕುಗ್ಗುವುದುಂಟು. 1877ರಲ್ಲಿ ಅದು ಬಹು ಪ್ರಬಲವಾಗಿತ್ತೆಂದು ಈಗ ತಿಳಿದುಬಂದಿದೆ. ಹಳೆಯ ಬರಗಳನ್ನು ಮುಚ್ಚಿಟ್ಟು ಎಲ್ಲ ಕೇಡನ್ನೂ ಹೊಸ ಕಾರಣದ ತಲೆಗೆ ಕಟ್ಟುವ ಪ್ರಚಾರಕನು ತನ್ನ ಪಕ್ಷವನ್ನೇ ದುರ್ಬಲಮಾಡಿಕೊಳ್ಳುತ್ತಾನೆ.

ಹಾಗಾದರೆ ಹೊಸದು ಯಾವುದು? 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಎಂಬ ವಿಜ್ಞಾನಿಯು, ಕಲ್ಲಿದ್ದಲನ್ನು ಸುಡುವುದರಿಂದ ಹೊರಡುವ ಇಂಗಾಲಾಮ್ಲ ವಾಯುವು ಗಾಳಿಯಲ್ಲಿ ಹೆಚ್ಚಿದರೆ ಭೂಮಿಯು ಕಾಯುವುದೆಂದು ಲೆಕ್ಕಹಾಕಿ ತೋರಿಸಿದನು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯು ಸುಮಾರು 280 ಪಾಲಿತ್ತು. 1958ರಲ್ಲಿ ಹವಾಯಿದ್ವೀಪದ ಬೆಟ್ಟದ ಮೇಲೆ ಅಳತೆಯನ್ನು ಆರಂಭಿಸಿದಾಗ 315 ಆಗಿತ್ತು. 2024ರಲ್ಲಿ 420ನ್ನು ದಾಟಿತ್ತು. ಕಾದ ಗಾಳಿಯು ಹೆಚ್ಚು ಆವಿಯನ್ನು ಹೊರುತ್ತದೆ; ಒಂದು ಡಿಗ್ರಿ ಕಾವಿಗೆ ನೂರಕ್ಕೆ ಏಳರಷ್ಟು ಹೆಚ್ಚು. ಇದರಿಂದ ಎರಡು ವಿರುದ್ಧ ಫಲಗಳು ಒಟ್ಟಿಗೇ ಉಂಟಾಗುತ್ತವೆ. ಮಳೆಯಿಲ್ಲದ ದಿನಗಳಲ್ಲಿ ಗಾಳಿಯು ನೆಲದ ತೇವವನ್ನು ಮೊದಲಿಗಿಂತ ಬೇಗನೆ ಹೀರುತ್ತದೆ. ಮಳೆ ಬಂದಾಗ ಹೊತ್ತುದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ. 1950ರಿಂದ 2015ರೊಳಗೆ ಮಧ್ಯಭಾರತದಲ್ಲಿ ವಿಸ್ತಾರವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದುವೆಂದು ಶೋಧಕರು ಕಂಡುಕೊಂಡಿದ್ದಾರೆ. ಬರವು ಹಳೆಯದೇ, ಅದರ ಮಗ್ಗುಲಲ್ಲಿಯೇ ನೆರೆಯೂ ಬಂದು ಕೂತುಕೊಳ್ಳುವುದು, ಎರಡರ ನಡುವೆ ಒಕ್ಕಲಿಗನಿಗೆ ಉಸಿರಾಡಲು ಬಿಡುವು ಸಿಕ್ಕದಿರುವುದು, ಇದು ಹೊಸದು.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2015ರ ಮುಂಗಾರು ಪ್ರಬಲವಾದ ಎಲ್ ನಿನೋದಿಂದ ಕೆಟ್ಟ ಮೇಲೆ, ಕಲ್ಯಾಣದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಲಾತೂರ ಪಟ್ಟಣಕ್ಕೆ ನೀರು ಕೊಡುವ ಮಾಂಜ್ರಾ ಜಲಾಶಯವು ಬತ್ತಿಹೋಯಿತು. 2016ರ ಏಪ್ರಿಲ್ 11ರಂದು ಮಿರಜದಿಂದ ಹತ್ತು ಬಂಡಿಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ಕುಡಿಯುವ ನೀರನ್ನು ಹೊತ್ತ ರೈಲು ಲಾತೂರಿಗೆ ಹೊರಟಿತು. ಹಿಂದೆ ಸುಲ್ತಾನನು ದವಸಕ್ಕೆ ಎತ್ತುಗಳನ್ನು ಕಳುಹಿಸಿದಂತೆ ಈಗ ಸರಕಾರವು ನೀರಿಗೆ ರೈಲನ್ನು ಕಳುಹಿಸಬೇಕಾಯಿತು. ಅದೇ ವರ್ಷದ ಮಳೆಗಾಲದ ಕೊನೆಗೆ ಅದೇ ಜಲಾಶಯವು ತುಂಬಿಹೋಯಿತು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡವನ್ನೇರಿದ ವಾಯುಭಾರಕುಸಿತವೊಂದು ಹೈದರಾಬಾದನ್ನು ಮುಳುಗಿಸಿ, ಹೆಚ್ಚುಕಡಮೆ ಇದೇ ಹೆದ್ದಾರಿಯ ನೇರದಲ್ಲಿ ಪಡುವಲಿಗೆ ಸಾಗಿ, ಕಲಬುರ್ಗಿಯ ಭೀಮಾತೀರದವರೆಗೂ ನೆರೆಯನ್ನು ಹರಡಿತು. ಪಂಚಾಂಗದಲ್ಲಿ ಅದು ಚಿತ್ತೆಯ ಕಾಲ. ಸೋಯಾ ಅವರೆಯು ಕೊಯ್ಲಿಗೆ ಬಂದಿರುತ್ತದೆ, ತೊಗರಿಯು ಇನ್ನೂ ಹೊಲದಲ್ಲಿರುತ್ತದೆ. ಯಾವುದಾದರೊಂದು ಮಳೆಯನ್ನು ಬೆರಳಿಟ್ಟು ತೋರಿಸಿ ಇದು ಹೊಗೆಯ ಫಲವೇ ಎಂದು ಹೇಳುವುದು ಶಾಸ್ತ್ರಕ್ಕೆ ಸಮ್ಮತವಲ್ಲ. ಪಗಡೆಯ ದಾಳದ ಒಂದು ಮುಖಕ್ಕೆ ಭಾರ ಕಟ್ಟಿದಂತಾಗಿದೆ, ಬೀಳುವ ಗರ ಬದಲಾಗಿದೆ ಎಂದಷ್ಟೇ ಹೇಳಬಹುದು.

ಎರಡನೆಯದಾಗಿ ಯಾತ್ರಿಕನು ನೋಡಿಕೊಳ್ಳಬೇಕಾದುದು ಹಿಂದಿನವರ ನೀರಿನ ಕಟ್ಟಡಗಳು. ಬೀದರ ಹುಮನಾಬಾದುಗಳ ಮೇಲ್ನೆಲವು ಕೆಂಪು ಜಂಬಿಟ್ಟಿಗೆಯದು. ಅದರ ಕೆಳಗೆ ಕರಿಕಲ್ಲಿನ ಪದರವಿದೆ. ಜಂಬಿಟ್ಟಿಗೆಯು ಮಳೆಯನ್ನು ಹೀರಿಕೊಳ್ಳುತ್ತದೆ, ಕರಿಕಲ್ಲು ತಡೆಯುತ್ತದೆ; ಎರಡೂ ಕೂಡುವಲ್ಲಿ ಒರತೆಗಳು ಹುಟ್ಟುತ್ತವೆ. ಬಹಮನಿಯರ ಕಾಲದ ಕುಶಲಿಗಳು ಈ ಗುಟ್ಟನ್ನರಿತು, ಪಾರಸೀಕದೇಶದ ಪದ್ಧತಿಯಂತೆ ಬೀದರದ ನೌಬಾದಿನಲ್ಲಿ ನೆಲದೊಳಗೆ ಸುರಂಗವನ್ನು ತೋಡಿ, ನಡುನಡುವೆ ಗಾಳಿಬೆಳಕಿಗೆ ಬಾವಿಗಳನ್ನಿಳಿಸಿ, ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದುಬರುವಂತೆ ಮಾಡಿದರು. ಇದಕ್ಕೆ ಕರೇಜ್ ಎಂದು ಹೆಸರು. ಎತ್ತಿಲ್ಲ, ಎಣ್ಣೆಯಿಲ್ಲ, ವಿದ್ಯುತ್ತಿಲ್ಲ. ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಕಲ್ಯಾಣದ ಮಗ್ಗುಲಲ್ಲಿರುವ ತ್ರಿಪುರಾಂತದ ಕೆರೆಯು ಇದೇ ವಿವೇಕದ ಇನ್ನೊಂದು ರೂಪ. ಕೊಳವೆಬಾವಿಯು ಬಂದ ಮೇಲೆ ಈ ಹಂಚಿಕೆಯ ಶಾಸ್ತ್ರವು ಮೂಲೆಗೆ ಬಿದ್ದಿತು. ಬಾವಿಯ ನೀರಿನ ಮಟ್ಟವನ್ನು ಊರೆಲ್ಲ ಬಗ್ಗಿ ನೋಡಬಹುದಾಗಿತ್ತು. ಕೊಳವೆಯೊಳಗಿನದು ಯಾರ ಕಣ್ಣಿಗೂ ಬೀಳದು. ನೀರು ಕಡಮೆಯಾದ ಸೀಮೆಯಲ್ಲಿಯೇ ಕಬ್ಬಿನ ಗದ್ದೆಗಳು ಹಬ್ಬಿದುದನ್ನು ನೋಡಿದರೆ, ಎಲ್ಲ ತಪ್ಪನ್ನೂ ದೂರದೇಶದ ಹೊಗೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಬೈಸಿಕಲ್ಲಿನಿಂದ ಆಗುವುದೆಷ್ಟು ಎಂಬ ಆಕ್ಷೇಪಕ್ಕೂ ಒಂದು ಮಾತು ಹೇಳಬೇಕು. ಸೊಲ್ಲಾಪುರದಿಂದ ಹೈದರಾಬಾದಿಗೆ ಸುಮಾರು ಮುನ್ನೂರು ಕಿಲೋಮೀಟರು. ಲೀಟರಿಗೆ ಹದಿನೈದು ಕಿಲೋಮೀಟರು ಓಡುವ ಮೋಟಾರು ಇಪ್ಪತ್ತು ಲೀಟರು ಪೆಟ್ರೋಲನ್ನು ಕುಡಿದು, ಲೀಟರಿಗೆ 2.3 ಕಿಲೋಗ್ರಾಮಿನಂತೆ 46 ಕಿಲೋಗ್ರಾಮು ಇಂಗಾಲಾಮ್ಲ ವಾಯುವನ್ನು ಬಿಡುತ್ತದೆ. ಒಬ್ಬ ಯಾತ್ರಿಕನು ಇಷ್ಟನ್ನು ಉಳಿಸಿದುದರಿಂದ ಭೂಮಿಯು ತಂಪಾಗದು. ಅವನ ಪಕ್ಕದಲ್ಲಿ ಒಂದು ಗಳಿಗೆಯಲ್ಲಿ ಹಾದುಹೋಗುವ ಲಾರಿಗಳೇ ಅದನ್ನು ಅಳಿಸಿಹಾಕುತ್ತವೆ. ಬೈಸಿಕಲ್ಲಿನ ಬೆಲೆಯಿರುವುದು ಅದರ ವೇಗದಲ್ಲಿ. ಅದು ಹೊಲದಲ್ಲಿ ಪೈರು ಒಣಗಿದುದನ್ನು ಕಾಣಿಸುವಷ್ಟು ನಿಧಾನ, ಒಂದು ದಿನದಲ್ಲಿ ಬಸವಕಲ್ಯಾಣವನ್ನೂ ಹುಮನಾಬಾದನ್ನೂ ಮುಟ್ಟಿಸುವಷ್ಟು ಶೀಘ್ರ. ಬೆವರು ಸುರಿಸಿ ಬಂದವನಿಗೆ ಜನ ನೀರು ಕೊಡುತ್ತಾರೆ, ಕೂರಿಸಿ ಮಾತನಾಡಿಸುತ್ತಾರೆ. ಆ ಮಾತುಗಳನ್ನು ಅವನು ಬರೆದುಕೊಂಡು ಹೋದರೆ, ಯಾವ ಊರಲ್ಲಿ ಯಾವ ನಕ್ಷತ್ರದ ಮಳೆ ಎಂದಿನಿಂದ ಕೈಕೊಟ್ಟಿತು, ಯಾವ ಬಾವಿ ಯಾವ ವರ್ಷ ಮೊದಲು ಬತ್ತಿತು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ತಾಲ್ಲೂಕಿನ ಮಳೆಮಾಪಕದ ಲೆಕ್ಕದ ಮಗ್ಗುಲಲ್ಲಿಟ್ಟರೆ, ಅದು ಈ ಸೀಮೆಯ ಇತಿಹಾಸಕ್ಕೆ ಒಂದು ಆಕರವಾದೀತು. ಈ ಕೆಲಸಕ್ಕೆ ಭಾಷೆಯೂ ಅಡ್ಡಿಯಾಗಲಾರದು. ಸೊಲ್ಲಾಪುರದ ಕಡೆಯ ಮರಾಠಿಯಲ್ಲಿ ಮೃಗವೆಂದೂ, ಕಲ್ಯಾಣ ಹುಮನಾಬಾದುಗಳಲ್ಲಿ ಮಿರಗವೆಂದೂ, ಜಹೀರಾಬಾದನ್ನು ದಾಟಿದ ಮೇಲೆ ತೆಲುಗಿನಲ್ಲಿ ಮೃಗಶಿರ ಕಾರ್ತೆಯೆಂದೂ ಹೆಸರು ಮಾರ್ಪಡುತ್ತದೆ; ದಾರಿಯುದ್ದಕ್ಕೂ ಜನ ಕಾಯುತ್ತಿರುವುದು ಅದೊಂದೇ ಮಳೆಯನ್ನು.